12 ವರ್ಷ ಇದ್ದ ಮಾತ್ರಕ್ಕೆ ಮನೆ ಅವರದಾಗುವುದಿಲ್ಲ

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನನ್ನ ದುಡಿಮೆಯಿಂದ ಕಟ್ಟಿಸಿದ ಮನೆಯಿದ್ದು, ಉತಾರ (ಆಸ್ತಿಯ ದಾಖಲೆ) ನನ್ನ ಹೆಸರಿನಲ್ಲಿದೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಮನೆ ಹೋದಾಗ ಕಾಕಾನ ಮಗನಿಗೆ ಬಾಡಿಗೆಯಿಲ್ಲದೆ ಇರಲು ಕೊಟ್ಟೆ. 18 ವರ್ಷಗಳಾದವು. ಬಿಡು ಎಂದರೆ, 12 ವರ್ಷ ದಾಟಿದ್ದರಿಂದ ಮನೆ ತನ್ನದೇ ಎನ್ನುತ್ತಾನೆ. ಬೀಗ ಒಡೆಯಬಹುದೇ?

ಉತ್ತರ: ಈ 12 ವರ್ಷದ ಮಾತು ಪ್ರತಿ ತಿಂಗಳೂ ನನಗೆ ಬರುತ್ತದೆ, ಮತ್ತು ಕಚೇರಿಯ ಕಟ್ಟೆಯ ಮೇಲೆ ಕುಳಿತು ಬಾಂಡ್ ಬರೆಯುವ ಯಾರೋ ಹೇಳಿದ್ದೆಂದೇ ಬರುತ್ತದೆ. ಅದನ್ನು ನಂಬಿ ಹೆದರಿ, ತಮ್ಮ ಮನೆಗೆ ತಾವೇ ದುಡ್ಡು ಕೊಟ್ಟು ರಾಜಿಯಾದವರನ್ನು ಕಂಡಿದ್ದೇನೆ. 1963ರ ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದಂತೆ ಎಣಿಕೆ ಆರಂಭವಾಗುವುದು ಅವರು ಮನೆ ಹೊಕ್ಕ ದಿನದಿಂದಲ್ಲ, ನಿಮ್ಮ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆದು ತಮ್ಮದೆಂದು ಇರತೊಡಗಿದ ದಿನದಿಂದ. ಗೋವೆಯಲ್ಲಿ ಸಹೋದರಿಯ ಮನೆ ನೋಡಿಕೊಂಡಿದ್ದ ಸಹೋದರನ ವಿರುದ್ಧದ ಮರಿಯಾ ಮಾರ್ಗರಿಡಾ ಪ್ರಕರಣದಲ್ಲಿ, ಪುಕ್ಕಟೆ ಇರಲು ಬಿಟ್ಟ ಬಂಧುವಿಗೆ ಎಷ್ಟು ವರ್ಷ ಕಳೆದರೂ ಹಕ್ಕು ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಅವರು ಈಗ ಬಾಯಿಬಿಟ್ಟು ತನ್ನದೆಂದಿರುವುದರಿಂದ ನೀವು ಇನ್ನು ಸುಮ್ಮನಿರಬಾರದು.

ಮೊದಲು, ಅನುಮತಿಯಿಂದ ಇದ್ದಾರೆಂಬುದಕ್ಕೆ ಸಾಕ್ಷಿ ಹುಡುಕಿರಿ. "ಅಣ್ಣಾ, ಹುಡುಗಿ ಪರೀಕ್ಷಾ ಮುಗಿಯೂತನಾ ಇರ್ತೀವಿ" ಎಂಬ ಒಂದು ವಾಟ್ಸಾಪ್ ಸಂದೇಶ ಹತ್ತು ಸಾಕ್ಷಿದಾರರಿಗೆ ಸಮ. ಆ ಫೋನನ್ನು ಮಾರಬೇಡಿ, ಸಂದೇಶ ಅಳಿಸಬೇಡಿ. ಬಳಿಕ ಅನುಮತಿ ಹಿಂಪಡೆದು, ಸಾಮಾನು ಸಾಗಿಸಲು ಸಾಕಷ್ಟು ಸಮಯ ಕೊಟ್ಟು ವಕೀಲರ ಮೂಲಕ ರಿಜಿಸ್ಟರ್ಡ್ ನೋಟಿಸ್ ಕಳಿಸಿರಿ. ನಾನು ಒಂದು ತಿಂಗಳು ಬರೆಯುತ್ತೇನೆ. ಬಿಡದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಸ್ವಾಧೀನದ ದಾವೆ ಹೂಡಿ, ಅವಧಿ ಮುಗಿದಂದಿನಿಂದ ತಿಂಗಳ ಲೆಕ್ಕದಲ್ಲಿ ನಷ್ಟಪರಿಹಾರವನ್ನೂ ಕೇಳಿರಿ.

ಬೀಗ ಮಾತ್ರ ಮುಟ್ಟಬೇಡಿ. ನನ್ನ ಕಕ್ಷಿದಾರರೊಬ್ಬರು ಒಂದು ಮಧ್ಯಾಹ್ನ ದಾಯಾದಿಯ ಹಾಸಿಗೆ, ಹಿಟ್ಟಿನ ಡಬ್ಬಿಗಳನ್ನೆಲ್ಲ ರಸ್ತೆಗಿಟ್ಟರು. ಹೊರಬಿದ್ದವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ, ಸ್ವಾಧೀನ ಮರಳಿ ಕೊಡಿಸಿರೆಂದು ಆರು ತಿಂಗಳೊಳಗೆ ದಾವೆ ಹಾಕಿದರು. ಅಂಥ ದಾವೆಯಲ್ಲಿ ಮಾಲೀಕ ಯಾರೆಂಬುದನ್ನು ನೋಡುವುದೇ ಇಲ್ಲ. ಉತಾರ ಕೈಯಲ್ಲಿದ್ದೂ ಅವರು ವರ್ಷಗಟ್ಟಲೆ ಅಲೆದರು. ಅಂದಿನಿಂದ ಬೀಗ ಒಡೆದು ಬಂದವರ ವಕಾಲತ್ತನ್ನು ನಾನು ಹಿಡಿಯುವುದಿಲ್ಲ.

ಪ್ರಶ್ನೆ: ಪಿತ್ರಾರ್ಜಿತ ಮನೆಯಿಂದ ತಮ್ಮನನ್ನು ಹೊರಹಾಕಬಹುದೇ? (ವಿಜಯಪುರ)

ಉತ್ತರ: ಅವನೂ ಪಾಲುದಾರ. ಅಕ್ಕತಂಗಿಯರನ್ನೂ ಸೇರಿಸಿ ವಾಟ್ನಿ (ಆಸ್ತಿ ವಿಭಾಗದ) ದಾವೆ ಹೂಡಿರಿ.

ಪ್ರಶ್ನೆ: ಪೊಲೀಸರಿಂದ ಖಾಲಿ ಮಾಡಿಸಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ. (ಗೋಕಾಕ)

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ನನ್ನ ಮನೆಯಲ್ಲೇ ಮಗ ಪೀಡಿಸುತ್ತಾನೆ, ನನಗೆ 74 ವರ್ಷ. (ಜಮಖಂಡಿ)

ಉತ್ತರ: ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಿ. ಸೊಸೆಯೂ ಅಲ್ಲಿದ್ದರೆ ಮುಚ್ಚಿಡಬೇಡಿ. ಆಕೆಯ ವಾಸದ ಹಕ್ಕನ್ನೂ ತೂಗಿ ನೋಡಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.