ಎರಡು ದನ ಸಾಕಿದವರಿಗೂ ಪರೀಕ್ಷೆಯಾ?

ಕಟಪಾಡಿಯ ಓದುಗರೊಬ್ಬರು ಬರೆದಿದ್ದಾರೆ: ‘ಇಪ್ಪತ್ತು ವರ್ಷದಿಂದ ನಮಗೆ ಹಾಲು ತರುವ ಅಕ್ಕನ ಕ್ಯಾನಿನಿಂದ ಆಹಾರ ಸುರಕ್ಷತೆಯವರು ಸ್ಯಾಂಪಲ್ ತೆಗೆದರು. ನೋಂದಣಿ ಉಂಟಾ ಅಂತ ಬೇರೆ ಕೇಳಿದರು. ದೇಶದ ಹಾಲಿನಲ್ಲಿ ಶೇಕಡಾ 68 ಕಲಬೆರಕೆಯಂತೆ. ಪ್ಯಾಕೆಟ್‌ನವರನ್ನು ಬಿಟ್ಟು ಎರಡು ದನ ಸಾಕಿದವರ ಹಿಂದೆ ಯಾಕೆ ಬೀಳಬೇಕು?’

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಮಳೆಯಲ್ಲಿ ನೆನೆದು ಬರುವವರನ್ನು ದಾರಿಯಲ್ಲಿ ನಿಲ್ಲಿಸಿದರೆ ಯಾರಿಗೂ ಬೇಜಾರೇ. ಆದರೆ ಪರೀಕ್ಷೆಯ ವಿಷಯದಲ್ಲಿ ನಾನು ನಿಮ್ಮ ಕಡೆ ಇಲ್ಲ ಮಾರಾಯ್ರೇ.

ಆ 68 ಬಂದದ್ದು 2011ರ ಸಮೀಕ್ಷೆಯಿಂದ. 1,791 ಸ್ಯಾಂಪಲ್‌ಗಳಲ್ಲಿ ಅಷ್ಟು ಪಾಲು ನಿಗದಿತ ಗುಣಮಟ್ಟಕ್ಕೆ ಬರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಕಂಡ ತಪ್ಪು ನೀರು ಬೆರೆಸಿದ್ದು. ವಾಟ್ಸಾಪಿನಲ್ಲಿ ಅದೇ ವಿಷ ಆಗಿಬಿಟ್ಟಿತು! 2018ರ ಸಮೀಕ್ಷೆಯಲ್ಲಿ 6,432 ಸ್ಯಾಂಪಲ್ ನೋಡಿದಾಗ ಯೂರಿಯಾ, ಡಿಟರ್ಜೆಂಟಿನಂಥದ್ದು ಸಿಕ್ಕಿದ್ದು ಬರೀ 12ರಲ್ಲಿ. ಇದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ, ಅಲ್ವಾ?

ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು. ಶೇಕಡಾ 5.7 ಸ್ಯಾಂಪಲ್‌ಗಳಲ್ಲಿ ಅಫ್ಲಟಾಕ್ಸಿನ್ ಎಂಬ ಬೂಸ್ಟಿನ ವಿಷ ಮಿತಿ ಮೀರಿತ್ತು. ಇದನ್ನು ಯಾರೂ ಬೆರೆಸುವುದಿಲ್ಲ. ಬೂಸ್ಟು ಹಿಡಿದ ಹಿಂಡಿ ತಿಂದ ದನದ ಹಾಲಿನಲ್ಲಿ ತಾನಾಗಿಯೇ ಬರುತ್ತದೆ. ಕುದಿಸಿದರೂ ಹೋಗುವುದಿಲ್ಲ. ಆಟಿಯ ಮಳೆಗೆ ನಮ್ಮ ಕೊಟ್ಟಿಗೆಯ ಹಿಂಡಿ ಗೋಣಿ ಮುಟ್ಟಿ ನೋಡಿದ್ದೀರಾ? ಅಂಗೈಗೆ ತಣ್ಣಗೆ ಒದ್ದೆ ತಾಗುತ್ತದೆ. ನಿಮ್ಮ ಅಕ್ಕ ಚಿನ್ನದಂಥವರೇ ಇರಬಹುದು. ಹಿಂಡಿಗೆ ಅದು ಗೊತ್ತಿಲ್ಲ.

ಹಾಗಂತ ಸಿಕ್ಕಸಿಕ್ಕವರು ಪರೀಕ್ಷೆ ಮಾಡುವುದೂ ಅಲ್ಲ. ಒಮ್ಮೆ ನಾನೇ, ಹಾಲಿಗೆ ನೀರು ಸೇರಿದೆಯಾ ಅಂತ ನೋಡುವ ಲ್ಯಾಕ್ಟೋಮೀಟರ್ ತಂದು, ಆಗಷ್ಟೇ ಕರೆದ ಬಿಸಿ ಹಾಲಿಗೆ ಇಳಿಬಿಟ್ಟೆ. ಅದು ಮುಳುಗಿತು. ‘ನೀರು ಹಾಕಿದ್ದೀರಾ?’ ಅಂದೆ. ಹಾಲಿನವರು ಏನೂ ಹೇಳದೆ ಹಾಲು ಅಳೆಯುವ ಕುಡ್ತೆಯನ್ನು ಕ್ಯಾನಿನೊಳಗಿಟ್ಟು ಹೊರಟುಹೋದರು. ಹಾಲು ಬಿಸಿ ಇದ್ದಾಗ ಮಾಪನ ಕಡಿಮೆ ತೋರಿಸುತ್ತದೆ ಅಂತ ಡೈರಿಯ ಗೆಳೆಯರೊಬ್ಬರು ಆಮೇಲೆ ಹೇಳಿದರು. ಮೂರು ದಿನ ಕಪ್ಪು ಚಹಾ ಕುಡಿದೆ.

ಹಾಲಿನ ಸೊಸೈಟಿಯಲ್ಲಿ ನೋಡಿ, ಹಾಲು ಅಳೆದು, ಫ್ಯಾಟ್ ನೋಡಿ, ಅದರ ಪ್ರಕಾರ ದುಡ್ಡು. ಯಾರಿಗೂ ಅವಮಾನ ಅನಿಸುವುದಿಲ್ಲ. ಪೂರ್ತಿ ಹಾಲನ್ನು ಅಲ್ಲಿಗೇ ಕೊಡುವ ಸದಸ್ಯರಿಗೆ ಬೇರೆ ನೋಂದಣಿಯೂ ಬೇಡ. ಮನೆ ಮನೆಗೆ ಮಾರುವವರನ್ನು ಕೇಳುವುದೂ ಸಣ್ಣ ನೋಂದಣಿ ಅಷ್ಟೇ, ಡೈರಿಗೆ ಬೇಕಾದಂಥ ದೊಡ್ಡ ಲೈಸನ್ಸ್ ಅಲ್ಲ.

ಇನ್ನೊಂದು ಮಾತು. ಪ್ಯಾಕೆಟ್ ಮೇಲೆ ಸಂಶಯವಿದ್ದರೆ, ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ ನೀವೇ ಪರೀಕ್ಷೆ ಮಾಡಿಸಬಹುದು. 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಸೆಕ್ಷನ್ನಿನಲ್ಲೇ ಇದೆ. ದೋಷ ಸಿಕ್ಕಿದರೆ ಶುಲ್ಕ ವಾಪಸ್. ಆದರೆ ನಾವು ಮಾಡುವುದೇನು? ಬಂಗುಡೆಗೆ ಫಾರ್ಮಾಲಿನ್ ಅಂತೆ, ಮಾವಿಗೆ ಕಾರ್ಬೈಡ್ ಅಂತೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಸುಮ್ನೆ ಮಾತಾಡುತ್ತೇವೆ. ಒಂದು ಅರ್ಜಿ ಬರೆಯಲು ಮಾತ್ರ ಪೆನ್ನು ಸಿಗುವುದಿಲ್ಲ.

ಇಲಾಖೆಯವರಿಗೂ ಒಂದು ಮಾತು: ಹಾಲು ಚೆನ್ನಾಗಿದೆ ಅಂತ ವರದಿ ಬಂದರೆ ಅದನ್ನೂ ಆ ಅಕ್ಕನ ಕೈಗೆ ಕೊಡಿ. ಸ್ಯಾಂಪಲ್ ತೆಗೆದದ್ದನ್ನು ಊರೆಲ್ಲ ನೋಡಿದೆಯಲ್ಲ.

ಲ್ಯಾಬಿಗೆ ಸ್ಯಾಂಪಲ್ ತಲುಪಿದ 14 ದಿನದೊಳಗೆ ವರದಿ ಆಗಬೇಕು. ಏನು ಬಂತು ಅಂತ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇನೆ.

— ಸಂ.