ಹುಳಿ ವಾಸನೆಯ ನೆಗೆಟಿವ್‌ಗಳನ್ನು ತೊಳೆಯಬೇಡಿ

ಮಂಡ್ಯದ ಅಜ್ಜಿ ಮನೆ ಅಟ್ಟದಲ್ಲಿ ಸಿಕ್ಕಿದ ನೆಗೆಟಿವ್‌ಗಳು ಹುಳಿ ವಾಸನೆ ಬರುತ್ತಿವೆ, ಕಪ್ಪು ಭಾಗ ಬೆಳ್ಳಿ ಥರ ಹೊಳೆಯುತ್ತಿದೆ, ಎಷ್ಟು ಹಳೆಯವು, ನೀರಲ್ಲಿ ತೊಳೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ತೊಳೆಯಬೇಡಿ. ನಾನು ಮೈಸೂರಿನ ನಮ್ಮ ಮನೆಯಲ್ಲಿ ಜಂಬೂ ಸವಾರಿಯ ಒಂದು ಹಳೇ ನೆಗೆಟಿವ್ ಅನ್ನು ಒದ್ದೆ ಬಟ್ಟೆಯಲ್ಲಿ ಸುಮ್ನೆ ಒಂದು ಸಲ ಒರೆಸಿದೆ, ಆನೆಯ ಹಣೆ ಮೇಲಿದ್ದ ಪದರ ಕೆನೆ ಹಾಗೆ ಬಟ್ಟೆಗೆ ಅಂಟಿಕೊಂಡು ಬಂತು. ಇವತ್ತಿಗೂ ಸಂಕಟ ಆಗುತ್ತದೆ.

ಆ ವಾಸನೆ ವಿನೆಗರ್‌ದೇ. ಅಸಿಟೇಟ್ ಅನ್ನೋ ಪ್ಲಾಸ್ಟಿಕ್‌ನ ಫಿಲ್ಮ್ ಕೆಡುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಡಬ್ಬಿ ಮುಚ್ಚಿದ್ದರೆ ಅದು ಒಳಗೇ ಉಳಿದು ಪಕ್ಕದ ಚೆನ್ನಾಗಿರುವ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ. ವಾಸನೆ ಬರುವುದನ್ನು ಇವತ್ತೇ ಬೇರೆ ಇಡಿ. ಬೆಳ್ಳಿ ಹೊಳಪಿಗೆ ಅಷ್ಟು ಹೆದರಬೇಡಿ, ಅದು ಚಿತ್ರದೊಳಗಿನ ಬೆಳ್ಳಿಯೇ ತೇವ, ಗಾಳಿಗೆ ಮೇಲೆ ಬಂದಿರುವುದು.

ವಯಸ್ಸು ತಿಳಿಯಲು ಕಿಟಕಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಅಂಚು ನೋಡಿ. 'ಸೇಫ್ಟಿ' ಅಂತ ಇಂಗ್ಲಿಷ್‌ನಲ್ಲಿ ಇದ್ದರೆ ಸಮಾಧಾನ, ಅದು ಸುಲಭವಾಗಿ ಬೆಂಕಿ ಹತ್ತಿಕೊಳ್ಳದ ಫಿಲ್ಮ್. 'ನೈಟ್ರೇಟ್' ಅಂತ ಇದ್ದರೆ ಮಾತ್ರ ಒಲೆ, ದೀಪ, ಬಿಸಿಲು ಯಾವುದರ ಹತ್ತಿರವೂ ತರಬೇಡಿ, ಬೇಗ ಹತ್ತಿಕೊಳ್ಳುತ್ತದೆ. ಕೊಡಾಕ್ ಆ ಫಿಲ್ಮ್ ಮಾಡುವುದನ್ನು 1951ರ ಹೊತ್ತಿಗೆ ನಿಲ್ಲಿಸಿತು, ಹಾಗಾಗಿ ಅದು ಹಳೆಯದು ಅನ್ನೋದೂ ಗೊತ್ತಾಗುತ್ತದೆ. ಕೆಲವು ಕೊಡಾಕ್ ಫಿಲ್ಮ್‌ಗಳ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಗುರುತೂ ಇರುತ್ತದೆ, ಅದು ವರ್ಷದ ಸಂಕೇತ. ಆದರೆ ಅದೇ ಗುರುತು ಸುಮಾರು 20 ವರ್ಷಕ್ಕೆ ಮತ್ತೆ ಬರುತ್ತದೆ, ಅದಕ್ಕೇ ಚಿತ್ರದಲ್ಲಿರುವ ಸೀರೆ, ಬಸ್ಸು, ಅಂಗಡಿ ಬೋರ್ಡನ್ನೂ ನೋಡಬೇಕು.

ಈಗಲೇ ಒಂದೊಂದನ್ನೂ ಅಂಚು ಹಿಡಿದು, ಬಿಳಿಯಾಗಿ ಬೆಳಗುವ ಕಂಪ್ಯೂಟರ್ ಪರದೆಯಿಂದ ಸ್ವಲ್ಪ ಮೇಲಿಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಒಂದೊಂದಕ್ಕೆ ಒಂದು ಪೇಪರ್ ಕವರ್. ಅಟ್ಟದ ಮೇಲೆ ಮಾತ್ರ ವಾಪಸ್ ಇಡಬೇಡಿ, ಬೇಸಿಗೆಯ ಆ ಕಾವೇ ಜಾಸ್ತಿ ಹಾಳು ಮಾಡುವುದು.