ಸಿಜಿಪಿಎ 5.85 ಅಂದರೆ ಶೇಕಡಾ ಎಷ್ಟು?

ಪ್ರಶ್ನೆ: ಸರ್, ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದವಳು. ಕನ್ನಡ ಎಂ.ಎ. ಮುಗಿಸಿ ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಗೆ ಅರ್ಜಿ ಹಾಕಲು ಹೊರಟಿದ್ದೇನೆ. ಮಾರ್ಕ್ ಲಿಸ್ಟಿನಲ್ಲಿ ಸಿಜಿಪಿಎ (ಎಲ್ಲ ಸೆಮಿಸ್ಟರಿನ ಒಟ್ಟು ಸರಾಸರಿ ಗ್ರೇಡ್ ಪಾಯಿಂಟ್, 10ಕ್ಕೆ) 5.85 ಅಂತ ಇದೆ, ಶೇಕಡಾ ಎದುರುಗಡೆ ಎಲ್ಲೂ ಇಲ್ಲ. ಅರ್ಜಿ ತುಂಬಿಸುವ ಅಂಗಡಿಯವರು 9.5ರಿಂದ ಗುಣಿಸಿ 55.58 ಹಾಕೋಣ ಎಂದರು. ಗೆಳತಿ 10ರಿಂದ ಗುಣಿಸು ಎನ್ನುತ್ತಾಳೆ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ತಮ್ಮ, 0.75 ಕಳೆದು ಆಮೇಲೆ 10ರಿಂದ ಗುಣಿಸಬೇಕು ಎಂದ. ಯಾವುದು ಸರಿ? ಇನ್ನೊಂದು ಸಂಶಯ. ನಾಲ್ಕು ಸೆಮಿಸ್ಟರಿನ ಎಸ್‌ಜಿಪಿಎ (ಒಂದೊಂದು ಸೆಮಿಸ್ಟರಿನ ಸರಾಸರಿ) 6.5, 6.1, 5.8, 5.25. ಕೂಡಿಸಿ ನಾಲ್ಕರಿಂದ ಭಾಗಿಸಿದರೆ 5.91 ಬರುತ್ತದೆ. ಯುನಿವರ್ಸಿಟಿಯವರು ತಪ್ಪು ಮಾಡಿದ್ದಾರಾ?

ಉತ್ತರ: ಮೊದಲು ಎರಡನೆಯದನ್ನು ಮುಗಿಸೋಣ, ಅದು ಸುಲಭ. ಯುನಿವರ್ಸಿಟಿಯವರದ್ದು ತಪ್ಪಿಲ್ಲ. ನೀವು ಕ್ರೆಡಿಟ್ ಬಿಟ್ಟು ಲೆಕ್ಕ ಮಾಡಿದ್ದೀರಿ.

ನಮ್ಮ ಕಡೆಯ ಅಡಿಕೆ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಲೆಕ್ಕವೇ. ಒಂದು ಗೋಣಿ ಹಳೆ ಅಡಿಕೆ, ನಾಲ್ಕು ಗೋಣಿ ಹೊಸ ಅಡಿಕೆ ಮಾರಿದಿರಿ ಅಂತಿಟ್ಟುಕೊಳ್ಳಿ. ಎರಡರ ದರ ಕೂಡಿಸಿ ಅರ್ಧ ಮಾಡಿದರೆ ನಿಮಗೆ ಸಿಕ್ಕಿದ ಸರಾಸರಿ ದರ ಬರುತ್ತದಾ? ಬರುವುದಿಲ್ಲ. ತೂಕ ಜಾಸ್ತಿ ಇರುವುದರ ದರವೇ ಸರಾಸರಿಯನ್ನು ತನ್ನ ಕಡೆ ಎಳೆಯುತ್ತದೆ. ಇಲ್ಲಿ ಕ್ರೆಡಿಟ್ ಅಂದರೆ ಆ ತೂಕ, ಒಂದೊಂದು ಪೇಪರಿಗೆ ಯುನಿವರ್ಸಿಟಿ ಕೊಟ್ಟ ತೂಕ.

ನೀವು ಕಳಿಸಿದ ಮಾರ್ಕ್ ಲಿಸ್ಟಿನ ಫೋಟೋ ನೋಡಿದೆ. ನಿಮ್ಮ ಸೆಮಿಸ್ಟರುಗಳ ಕ್ರೆಡಿಟ್ 16, 20, 20, 24. ಒಟ್ಟು 80. ಒಂದೊಂದು ಎಸ್‌ಜಿಪಿಎಯನ್ನು ಆ ಸೆಮಿಸ್ಟರಿನ ಕ್ರೆಡಿಟ್‌ನಿಂದ ಗುಣಿಸಿ. 104, 122, 116, 126. ಕೂಡಿಸಿದರೆ 468. ಅದನ್ನು 80ರಿಂದ ಭಾಗಿಸಿದರೆ 5.85, ಅಚ್ಚಾಗಿ ಬಂದದ್ದೂ ಅದೇ. ಕಡಿಮೆ ಅಂಕ ಬಂದ ಕೊನೆಯ ಸೆಮಿಸ್ಟರಿಗೇ ಕ್ರೆಡಿಟ್ ಜಾಸ್ತಿ ಇದ್ದದ್ದರಿಂದ ನಿಮ್ಮ 5.91 ಕೆಳಗಿಳಿಯಿತು, ಅಷ್ಟೇ.

ಸೆಮಿಸ್ಟರಿನ ಒಳಗೂ ಲೆಕ್ಕ ಹೀಗೆಯೇ. ನಿಮ್ಮ ನಾಲ್ಕನೇ ಸೆಮಿಸ್ಟರ್ ತೆಗೆದುಕೊಳ್ಳಿ. 4 ಕ್ರೆಡಿಟ್‌ನ ನಾಲ್ಕು ಪೇಪರಿನಲ್ಲಿ ಗ್ರೇಡ್ ಪಾಯಿಂಟ್ 6, 6, 5, 5, ಅಲ್ಲಿಗೆ 88 ಆಯಿತು. 6 ಕ್ರೆಡಿಟ್‌ನ ಪ್ರಾಜೆಕ್ಟಿಗೆ 5, ಅದು 30. 2 ಕ್ರೆಡಿಟ್‌ನ ವೈವಾಕ್ಕೆ 4, ಅದು 8. ಒಟ್ಟು 126, ಭಾಗಿಸು 24, ಉತ್ತರ 5.25. ವೈವಾದಲ್ಲಿ ಸರಿಯಾಗಿ ಮಾತಾಡಲಾಗಲಿಲ್ಲ, ಅದರಿಂದಲೇ ಎಲ್ಲ ಹಾಳಾಯಿತು ಅಂತ ಬರೆದಿದ್ದೀರಿ. ಹಾಗೇನೂ ಇಲ್ಲ. ವೈವಾದಲ್ಲಿ ಒಂದು ಪಾಯಿಂಟ್ ಜಾಸ್ತಿ ಬಂದಿದ್ದರೆ ಒಟ್ಟಿಗೆ ಸೇರುತ್ತಿದ್ದದ್ದು ಬರೇ 2. ಪ್ರಾಜೆಕ್ಟಿನಲ್ಲಿ ಬಂದಿದ್ದರೆ 6 ಸೇರುತ್ತಿತ್ತು. ಈಗ ಓದುತ್ತಿರುವವರು ಇದನ್ನು ಗಮನಿಸಿ. ಪ್ರಾಜೆಕ್ಟನ್ನು ಕೊನೆಯ ವಾರದಲ್ಲಿ ಗೀಚಿ ಕೊಡುವ ಅಭ್ಯಾಸದಿಂದಾಗುವ ನಷ್ಟ ಸಣ್ಣದಲ್ಲ.

ಇನ್ನು ಶೇಕಡಾ ವಿಷಯ. ನಿಮ್ಮ ಮಟ್ಟಿಗೆ ಇದು ತುಂಬ ಗಂಭೀರ. ಯಾಕೆಂದರೆ ನೆಟ್‌ಗೆ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ 55 ಶೇಕಡಾ ಬೇಕು, 54.9 ಇದ್ದರೆ ಅದನ್ನು 55 ಅಂತ ಲೆಕ್ಕ ಹಿಡಿಯುವುದಿಲ್ಲ. ಪರಿಶಿಷ್ಟರು, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರು, ಅಂಗವಿಕಲರು ಇವರಿಗೆಲ್ಲ 50 ಸಾಕು. ಈಗ ನಿಮ್ಮ ಮೂರು ಲೆಕ್ಕ ನೋಡಿ. 9.5ರಿಂದ ಗುಣಿಸಿದರೆ 55.58, ಕೂದಲೆಳೆಯಲ್ಲಿ ಪಾಸು. 10ರಿಂದ ಗುಣಿಸಿದರೆ 58.5, ಆರಾಮಾಗಿ ಪಾಸು. 0.75 ಕಳೆದು ಗುಣಿಸಿದರೆ 51, ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕುವ ಹಾಗೇ ಇಲ್ಲ. ಮಾರ್ಕ್ ಲಿಸ್ಟ್ ಒಂದೇ, ಓದಿದವಳೂ ಒಬ್ಬಳೇ!

ಈ 9.5 ಎಲ್ಲಿಂದ ಬಂತು ಗೊತ್ತಾ? ಸಿಬಿಎಸ್‌ಇಯವರು 2009-10ರಲ್ಲಿ ಹತ್ತನೇ ತರಗತಿಗೆ ಗ್ರೇಡ್ ತಂದಾಗ, ಅಂದಾಜು ಶೇಕಡಾ ಬೇಕಾದವರು ಸಿಜಿಪಿಎಯನ್ನು 9.5ರಿಂದ ಗುಣಿಸಿಕೊಳ್ಳಿ ಎಂದಿದ್ದರು. ಅದು ಆ ಬೋರ್ಡಿನ ಹತ್ತನೇ ತರಗತಿಗೆ ಮಾತ್ರ ಹೇಳಿದ ಮಾತು. ಕನ್ನಡ ಎಂ.ಎ.ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಅದೇ, ಹಾಗಾಗಿ ಅಂಗಡಿಯಲ್ಲಿ ಅದನ್ನೇ ಒತ್ತುತ್ತಾರೆ.

ನಿಮ್ಮ ತಮ್ಮ ಹೇಳಿದ್ದು ತಾಂತ್ರಿಕ ಶಿಕ್ಷಣದ ಲೆಕ್ಕ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಕೊಟ್ಟ ಪಟ್ಟಿಯಲ್ಲಿ 6.25 ಅಂದರೆ 55, 6.75 ಅಂದರೆ 60, 7.25 ಅಂದರೆ 65, ಹೀಗೆ ಹೋಗುತ್ತದೆ. ಕಳೆಯುವುದು ಯಾಕೆ ಅಂತ ಕೇಳಬಹುದು. 60ರಿಂದ 69ರ ತನಕ ಬಂದವರಿಗೆಲ್ಲ 7 ಪಾಯಿಂಟ್ ಕೊಡುವ ಪದ್ಧತಿ ಇದೆ ಅಂತಿಟ್ಟುಕೊಳ್ಳಿ. 61 ಬಂದವನಿಗೂ 7, 69 ಬಂದವನಿಗೂ 7. ಸುಮ್ನೆ 10ರಿಂದ ಗುಣಿಸಿದರೆ ಇಬ್ಬರಿಗೂ 70, ಇಬ್ಬರೂ ತೆಗೆಯದ ಮಾರ್ಕು. ಅದಕ್ಕೇ ಸ್ವಲ್ಪ ಇಳಿಸುತ್ತಾರೆ. ಆದರೆ ಮಾರ್ಕಿನಿಂದಲೇ ನೇರವಾಗಿ, 63 ಬಂದರೆ 6.3 ಅಂತ ಪಾಯಿಂಟ್ ಹಾಕುವ ಕಡೆ 10ರಿಂದ ಗುಣಿಸುವುದೇ ನ್ಯಾಯ. ಅಂದರೆ ನಿಮ್ಮ ಗೆಳತಿಯೂ ತಮ್ಮನೂ ಅವರವರ ಕೋರ್ಸಿನ ಮಟ್ಟಿಗೆ ಸರಿ ಇರಬಹುದು. ನಿಮ್ಮದಕ್ಕೆ ಅನ್ವಯಿಸುವುದು ನಿಮಗೆ ಡಿಗ್ರಿ ಕೊಟ್ಟ ಯುನಿವರ್ಸಿಟಿ ಬರೆದಿಟ್ಟ ಸೂತ್ರ ಮಾತ್ರ. ಅದೂ ನೀವು ಸೇರಿದ ವರ್ಷದ ಸ್ಕೀಮಿನದ್ದು, ಅಂದರೆ ಆ ವರ್ಷದ ಕೋರ್ಸಿನ ನಿಯಮದ್ದು. ಸ್ಕೀಮ್ ಬದಲಾದರೆ ಸೂತ್ರವೂ ಬದಲಾಗಬಹುದು.

ಆ ಸೂತ್ರ ಹುಡುಕಲು ದೂರ ಹೋಗಬೇಕಾಗಿಲ್ಲ. ಮಾರ್ಕ್ ಲಿಸ್ಟನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದು ಹಿಂಬದಿ ತಿರುಗಿಸಿ. ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಅಲ್ಲೇ ಇರುತ್ತದೆ. ನೀವು ಫೋಟೋ ತೆಗೆದದ್ದು ಎದುರಿನ ಪುಟ ಮಾತ್ರ. ಅಲ್ಲಿ ಇಲ್ಲದಿದ್ದರೆ ನಿಮ್ಮ ಕಾಲೇಜಿನ ಆಫೀಸಿನಲ್ಲಿ ಆ ವರ್ಷದ ರೆಗ್ಯುಲೇಶನ್ ಕೇಳಿ. ಸುತ್ತೋಲೆ ಮಲಯಾಳದಲ್ಲಿದೆ ಅಂತ ಹಿಂಜರಿಯಬೇಡಿ, ಓದಿ ಹೇಳಿ ಅಂತ ಕೇಳುವ ಹಕ್ಕು ನಿಮಗಿದೆ. ಅದೂ ಆಗದಿದ್ದರೆ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಟ್ಟು ಸಿಜಿಪಿಎಯನ್ನು ಶೇಕಡಾಕ್ಕೆ ಬದಲಿಸಿದ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಅರ್ಜಿಯ ಕೊನೆಯ ದಿನದ ತನಕ ಕಾಯಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಹತ್ತಿರ ಕಲಿತ ಒಬ್ಬ ಹುಡುಗ ಗಡಿ ಆಚೆಯ ಒಂದು ಕಾಲೇಜಿಗೆ ಅರ್ಜಿ ಹಾಕಿದ್ದ. ಮೆರಿಟ್ ಪಟ್ಟಿಯಲ್ಲಿ ಹೆಸರೂ ಬಂತು. ದಾಖಲೆ ಪರಿಶೀಲನೆಯ ದಿನ ನಾನೇ ಜೊತೆಗೆ ಹೋಗಿದ್ದೆ. ಜೋರು ಮಳೆ, ತಲಪಾಡಿ ದಾಟುವಾಗಲೇ ಇಬ್ಬರೂ ಒದ್ದೆ, ಅವನು ಫೈಲನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ. ಕೌಂಟರಿನಲ್ಲಿದ್ದವರು ಮಾರ್ಕ್ ಲಿಸ್ಟ್ ತಿರುಗಿಸಿ, ಹಿಂದಿನ ಸೂತ್ರದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಕ್ಯಾಲ್ಕುಲೇಟರ್ ಒತ್ತಿದರು. ಅರ್ಜಿಯಲ್ಲಿ ಹಾಕಿದ್ದಕ್ಕಿಂತ ಮೂರು ಶೇಕಡಾ ಕಡಿಮೆ. ಅವನು ಸುಳ್ಳು ಹೇಳಿದವನಲ್ಲ, ಯಾರೋ ಹೇಳಿದ ಸೂತ್ರ ನಂಬಿದವನು. ಸೀಟು ಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಒಂದು ಮಾತೂ ಆಡಲಿಲ್ಲ.

ಅರ್ಜಿಯಲ್ಲಿ ಸಿಜಿಪಿಎ ಹಾಕುವ ಜಾಗವೇ ಇದ್ದರೆ ಅದನ್ನೇ ಹಾಕಿ, ಪರಿವರ್ತನೆಯ ಗೋಜಿಗೆ ಹೋಗಬೇಡಿ. ಅಂಗಡಿಯವರು ಒತ್ತುವಾಗ ಪಕ್ಕದಲ್ಲೇ ನಿಂತು ನೋಡಿ.

ಪ್ರಶ್ನೆ: ಮಗಳು ಇಲ್ಲೇ ಕುಂಬಳೆ ಹತ್ತಿರ ಎಸ್‌ಎಸ್‌ಎಲ್‌ಸಿ ಮಾಡಿದ್ದು. ಏಳು ಎ ಪ್ಲಸ್, ಮೂರು ಎ. ಮಂಗಳೂರಿನಲ್ಲಿ ಪಿಯುಸಿಗೆ ಸೇರಿಸಬೇಕು, ಅಲ್ಲಿ ಶೇಕಡಾ ಎಷ್ಟು ಅಂತ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ ಎ ಪ್ಲಸ್‌ಗೆ 9 ಪಾಯಿಂಟ್, ಎಗೆ 8. ಮಗಳದ್ದು 63 ಮತ್ತು 24, ಒಟ್ಟು 87. ಹತ್ತು ಪೇಪರಿಗೆ ಗರಿಷ್ಠ 90. ಭಾಗಿಸಿದರೆ 96.67 ಬರುತ್ತದೆ. ಆದರೆ ಇದನ್ನು ಮಾರ್ಕಿನ ಶೇಕಡಾ ಅಂತ ಬರೆಯಬೇಡಿ. 90 ಬಂದವರಿಗೂ 100 ಬಂದವರಿಗೂ ಸಿಗುವುದು ಅದೇ ಎ ಪ್ಲಸ್. 80ರಿಂದ 89ರ ತನಕ ಎ. ಹಾಗಾಗಿ ಮಗಳ ನಿಜವಾದ ಸರಾಸರಿ 87ರಿಂದ 96.7ರ ನಡುವೆ ಎಲ್ಲಿಯೂ ಇರಬಹುದು. ಗ್ರೇಡ್ ಇರುವ ಪುಟವನ್ನೇ ತೋರಿಸಿ, ಕೇರಳ ಬೋರ್ಡಿನ ಮಕ್ಕಳಿಗೆ ನೀವು ಹೇಗೆ ಲೆಕ್ಕ ಹಿಡಿಯುತ್ತೀರಿ ಅಂತ ಕಾಲೇಜಿನವರನ್ನೇ ಕೇಳಿ. ಗಡಿ ಆಚೆ ಕಲಿಯಲು ಹೋಗುವ ನಮ್ಮ ಕಡೆಯ ಮಕ್ಕಳು ಅವರಿಗೇನೂ ಹೊಸಬರಲ್ಲ.

ಪ್ರಶ್ನೆ: ಬಿ.ಎಸ್ಸಿ.ಯಲ್ಲಿ 7.6 ಇದೆ. ಜರ್ಮನಿಯಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಅಲ್ಲಿ 2.5ಕ್ಕಿಂತ ಕಡಿಮೆ ಇರಬೇಕು ಅಂತಾರಲ್ಲ, ಏನು ಹಾಗೆಂದರೆ?

ಉತ್ತರ: ಹೆದರಬೇಡಿ, ಅಲ್ಲಿ ಲೆಕ್ಕ ತಿರುಗುಮುರುಗು. 1 ಎಲ್ಲಕ್ಕಿಂತ ಒಳ್ಳೆಯದು, 4 ಬರೇ ಪಾಸು. ಅಲ್ಲಿ ಹೆಚ್ಚಾಗಿ ಬಳಸುವುದು ಬವೇರಿಯನ್ ಸೂತ್ರ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, 10ರಿಂದ 7.6 ಹೋದರೆ 2.4. ಗರಿಷ್ಠದಿಂದ ಪಾಸಾಗಲು ಬೇಕಾದ ಕನಿಷ್ಠವನ್ನು ಕಳೆಯಿರಿ, ಅದು 4 ಆಗಿದ್ದರೆ 6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 2.2 ಬರುತ್ತದೆ, ನಿಮಗೆ ಸಾಕು. ಪಾಸಿನ ಪಾಯಿಂಟ್ 5 ಅಂತ ನಿಮ್ಮ ಯುನಿವರ್ಸಿಟಿ ಹೇಳಿದರೆ ಮಾತ್ರ ಅದು 2.44 ಆಗುತ್ತದೆ, ಆಗಲೂ ಗೆರೆಯ ಒಳಗೇ ಇದ್ದೀರಿ. ಹಾಗಾಗಿ ಪಾಸಿನ ಕನಿಷ್ಠ ಎಷ್ಟು ಅಂತ ನಮೂದಿಸಿದ ಪುಟವನ್ನೂ ಅರ್ಜಿಯ ಜೊತೆ ತಪ್ಪದೆ ಸೇರಿಸಿ.